ಕುಬೇರಪ್ಪನ ಕೂಡದ ಎಲುಬು

ಎರಡನೇ ಮಹಾಯುದ್ಧ ಮುಗಿದ ವರ್ಷದ ಮಾತು. ಸವಣೂರಿನ ಎಲೆತೋಟದಲ್ಲಿ ಏಣಿ ಜಾರಿ ಬಿದ್ದು ಕುಬೇರಪ್ಪನ ಮೊಳಕಾಲಿನ ಕೆಳಗಿನ ಎಲುಬು ಮುರಿಯಿತು. ನಾಟಿ ವೈದ್ಯರು ಬಿದಿರಿನ ದಬ್ಬೆ ಕಟ್ಟಿದರು. ಮಳೆಗಾಲ ಹೋಗಿ ಸುಗ್ಗಿ ಬಂದರೂ ಎಲುಬು ಕೂಡಲಿಲ್ಲ. ಕಾಲೂರಿದರೆ ನಡುವೆಯೇ ಬಾಗುತ್ತಿತ್ತು.

ಎಲುಬು ಮುರಿದವರಿಗೆ ನಮ್ಮ ಕಡೆ ಅಂಟಿನುಂಡಿ ತಿನ್ನಿಸುತ್ತಾರೆ. ಹೆಂಡತಿ ವೀರವ್ವ ಬೆಲ್ಲ, ಕೊಬ್ಬರಿ, ಉತ್ತತ್ತಿ ಹಾಕಿ ಡಬ್ಬಿ ತುಂಬ ಕಟ್ಟಿದಳು. ಓಣಿಯವರೂ ತಂದುಕೊಟ್ಟರು. ಅಯ್ಯೋ, ಎಂಥ ಪ್ರೀತಿ! ಗಂಡ ಮಾತ್ರ ಕೊಡಗಟ್ಟಲೆ ನೀರು ಕುಡಿಯುತ್ತ ಸೊರಗುತ್ತಲೇ ಹೋದ.

ಒಂದು ದಿನ ನೆರೆಮನೆಯ ತುಳಸಾಬಾಯಿ ವೀರವ್ವನ ಮನೆಯ ಬಚ್ಚಲಲ್ಲಿ ಕುಬೇರಪ್ಪನ ಮೂತ್ರಕ್ಕೆ ಇರುವೆ ಮುತ್ತಿದ್ದನ್ನು ಕಂಡಳು.

"ವೀರವ್ವ, ಇದು ಸಿಹಿಮೂತ್ರದ ರೋಗ. ನಮ್ಮಣ್ಣಗೂ ಹಿಂಗ ಆಗಿತ್ತು. ಉಂಡಿ ಸಾಕು ಮಾಡು, ಹುಬ್ಬಳ್ಳಿ ದವಾಖಾನಿಗೆ ಕರಕೊಂಡು ಹೋಗೋಣ."

"ಉಂಡಿ ಬಿಟ್ರ ಎಲುಬಿಗೆ ಬಲಾ ಎಲ್ಲಿಂದ ಬರಬೇಕ್ರಿ ಬಾಯಾರ?"

"ರಕ್ತದಾಗ ಸಕ್ರಿ ಏರಿದ್ರ ಎಲುಬು ಲಗೂನ ಕೂಡೂದಿಲ್ಲ. ನೀ ಹಾಕೂ ಬೆಲ್ಲನ ಅಡ್ಡ ನಿಂತದ."

ವೀರವ್ವ ಉಂಡಿಯ ಡಬ್ಬಿಯನ್ನು ಅತ್ತ ಸರಿಸಿದಳು. "ನನ್ನ ಕೈಯಾರೆ ನಾನ ಕೆಡಿಸಿದ್ನಲ್ರಿ!" ಎಂದು ಅತ್ತಳು.

ಹುಬ್ಬಳ್ಳಿಯ ಡಾಕ್ಟರು ಮೂತ್ರಕ್ಕೆ ಮದ್ದು ಬೆರೆಸಿ ಕಾಸಿ ನೋಡಿದರು. ಸಕ್ಕರೆ ಇತ್ತು.

"ಮೊದಲ ಸೂಜಿಮದ್ದು, ಪಥ್ಯ. ಸಕ್ರಿ ಹತೋಟಿಗೆ ಬಂದ ಮ್ಯಾಲೆ ಮುರಿದಲ್ಲೆ ಎಲುಬಿನ ಚೂರು ಇಟ್ಟು ಕಟ್ಟಬೇಕು," ಎಂದರು.

ವೀರವ್ವ ಎದ್ದೇ ನಿಂತಳು. "ಯಾರ ಎಲುಬ್ರಿ? ಸತ್ತವರದೋ, ದನದ್ದೋ? ಲಿಂಗ ಕಟ್ಟಿದ ಮೈಯಾಗ ಅದನ್ನ ಇಡಾಕ ನಾ ಒಪ್ಪೂದಿಲ್ಲ. ನಡೀರಿ ಮನಿಗೆ!"

"ಬ್ಯಾರೆಯವರದಲ್ಲ ತಂಗಿ, ಇವರ ಟೊಂಕದ ಎಲುಬಿನಾಗಿಂದನ ಚೂರು ತಗೀತೇವಿ. ಅದರ ಆಸರಕ್ಕ ಹೊಸ ಎಲುಬು ಬೆಳೀತೈತಿ. ಖಾತ್ರಿ ಅಂತ ಹೇಳೂದಿಲ್ಲ. ಪಥ್ಯ ಕೆಡಿಸಿದ್ರ ಗಾಯ ಕೀವಾಗಿ ಕಾಲನ್ನ ತಗೀಬೇಕಾದೀತು."

ಕುಬೇರಪ್ಪ ಮೆಲ್ಲಗೆ ಅಂದ: "ಬಳ್ಳಿ ಹಬ್ಬಾಕ ಗಿಡದ ಆಸರಾ ಕೊಟ್ಟಂಗ ಆತಲ್ರಿ. ನನ್ನ ಎಲುಬು ನನಗ ಮೈಲಿಗಿ ಹೆಂಗಾದೀತು?"

ವೀರವ್ವ ಆದರೂ ಬಾಗಿಲ ಕಡೆ ಹೆಜ್ಜೆ ಹಾಕಿದಳು. ಆಗ ಜೊತೆಗೆ ಬಂದಿದ್ದ ತುಳಸಾಬಾಯಿ ಅವಳ ಕೈ ಹಿಡಿದಳು. "ನಾವೂ ಹಿಂಗ ಹೆದರಿ ಅಣ್ಣನ್ನ ಮನಿಗೆ ಕರಕೊಂಡು ಬಂದ್ವಿ. ಮುಂದ ಕಾಲು ಕತ್ತರಿಸಿದ್ರು. ಆದ್ರೂ ಉಳೀಲಿಲ್ಲ."

ವೀರವ್ವ ಕಣ್ಣೊರೆಸಿಕೊಂಡು ಡಾಕ್ಟರತ್ತ ತಿರುಗಿದಳು. "ಮಾಡ್ರಿ. ಪಥ್ಯದ ಹೊಣಿ ನಂದು."

ಆ ಹೊಣೆಯನ್ನು ಅವಳು ಹೊತ್ತಳು. ಗಂಡ ಬೈದರೂ ಸಿಹಿ ಕೊಡಲಿಲ್ಲ. ಸಕ್ಕರೆ ಇಳಿಯಿತು, ಶಸ್ತ್ರಕ್ರಿಯೆ ಆಯಿತು, ಪಟ್ಟಿ ಬಿಚ್ಚುವುದಕ್ಕೆ ಬಹಳ ಕಾಲ ಹಿಡಿಯಿತು. ಕೊನೆಗೊಂದು ಮುಂಜಾನೆ ಕುಬೇರಪ್ಪ ಕಾಲೂರಿದ. ಹೆಂಡತಿ ಹೆಗಲು ಕೊಡಲು ಓಡಿ ಬಂದಳು. ಅವನು ಬೇಡವೆಂದು ಕೈಯಾಡಿಸಿ ತಾನೇ ನಿಂತ. ಅವಳು ಗೋಡೆ ಹಿಡಿದು ಅತ್ತಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಎಲುಬು ಕೂಡದೆ ಮಲಗಿದವರು ಇದ್ದಾರೆಯೇ? ಮೊದಲು ರಕ್ತ, ಮೂತ್ರ ತಪಾಸಣೆ ಮಾಡಿಸಿ. ಸಕ್ಕರೆ ಇದ್ದರೆ ಪಥ್ಯ ಹಿಡಿಸಿ, ಔಷಧ ತಪ್ಪಿಸಬೇಡಿ. ಎಲುಬು ಇಡಬೇಕೆಂದು ಡಾಕ್ಟರು ಹೇಳಿದರೆ ಹೆದರಿ ಎದ್ದು ಬರಬೇಡಿ. ಯಾರದು, ಯಾಕೆ ಎಂದು ಕೂತು ಕೇಳಿ. ಕೇಳುವುದಕ್ಕೆ ನಾಚಿಕೆ ಏನಿದೆ? ಕಾಲು ಉಳಿಸಬಹುದಾದ ಹೊತ್ತಿನಲ್ಲೇ ಹೊರಡಿ.