ಹನ್ನೆರಡು ಟ್ಯಾಪೆಟ್

ಇಟ್ಟಿಗೆ ಲಾರಿ ತಿರುವಿನಲ್ಲಿ ಕಾಣಿಸುವ ಮೊದಲೇ ಗ್ಯಾರೇಜಿನಲ್ಲಿದ್ದ ಅವಳಿಗೆ ಅದರ ಸದ್ದು ಕೇಳಿಸಿತು. ಟಕ ಟಕ ಟಕ. ಆ ಹಳೇ ಎಂಜಿನ್ನಿಗೆ ವಾಲ್ವುಗಳನ್ನು ಆಡಿಸುವ ಹೊಸ ಕ್ಯಾಮ್‌ಶಾಫ್ಟು, ಹೊಸ ಟೈಮಿಂಗ್ ಚೈನು, ಗೇರು ಎಲ್ಲ ಹಾಕಿ ಕಳಿಸಿ ಇನ್ನೂ ಮೂರು ವಾರ ತುಂಬಿರಲಿಲ್ಲ.

ಲಾರಿಯವನು ಇಳಿದವನೇ ಅವಳನ್ನು ದಾಟಿ, ಬಾಗಿಲ ಪಕ್ಕ ಟೈರಿನ ಮೇಲೆ ಕೂತಿದ್ದ ಅವಳ ಅಪ್ಪನ ಹತ್ತಿರ ಹೋದ. ಹದಿನಾಲ್ಕು ವರ್ಷದಿಂದ ಗ್ಯಾರೇಜಿನ ಕೆಲಸವೆಲ್ಲ ಅವಳದೇ. ಆದರೂ ಬಂದವರು ಮಾತಾಡುವುದು ಮಾತ್ರ ಅಪ್ಪನ ಜೊತೆ.

"ಏನ್ ಯಜಮಾನ್ರೇ ಇದು? ಲಾರಿನಾ, ಹಿಟ್ಟಿನ ಗಿರಣಿನಾ?"

ಅಪ್ಪ ಕತ್ತು ಎತ್ತಲಿಲ್ಲ. "ಮಗಳು ಮಾಡಿದ್ದಲ್ವಾ. ಚೈನು ಒಂದು ಹಲ್ಲು ಆಚೀಚೆ ಕೂತಿರಬೇಕು. ಕೈ ಇನ್ನೂ ಪಳಗಬೇಕು." ಲಾರಿಯವನು ಹೌದೆಂಬಂತೆ ತಲೆ ಆಡಿಸಿದ.

ಅವಳ ಮೈಯೆಲ್ಲ ಉರಿದುಹೋಯಿತು. ಟೈಮಿಂಗ್ ಗುರುತನ್ನು ಅವತ್ತು ಒಂದಲ್ಲ, ಮೂರು ಸಲ ನೋಡಿದ್ದಳು. "ಬಿಚ್ಚಿ ನೋಡ್ತೀನಿ. ಆಮೇಲೆ ಮಾತು," ಎಂದಷ್ಟೇ ಹೇಳಿ ಸ್ಪ್ಯಾನರ್ ಕೈಗೆತ್ತಿಕೊಂಡಳು.

ಎಣ್ಣೆ ಇಳಿಸಿದಾಗ ಅದರಲ್ಲಿ ಸಣ್ಣ ಸಣ್ಣ ಲೋಹದ ಪುಡಿ ಮಿನುಗುತ್ತಿತ್ತು. ರೇಡಿಯೇಟರ್ ತೆಗೆದಳು, ಫ್ಯಾನ್ ತೆಗೆದಳು, ಮುಂದಿನ ಕವರ್ ಸಡಿಲಿಸಿದಳು. ಎಂಜಿನ್ ತಿರುಗಿಸಿ ಮೇಲಿನ ಗೇರಿನ ಗುರುತಿನ ಚುಕ್ಕೆಯನ್ನು ಕೆಳಗೆ ತಂದು ನೋಡಿದರೆ, ಕೆಳಗಿನ ಗೇರಿನ ಚುಕ್ಕೆ ಅದಕ್ಕೆ ನೆಟ್ಟಗೆ ಎದುರು ನಿಂತಿತ್ತು. ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ.

"ಬನ್ನಿ ಇಲ್ಲಿ," ಎಂದು ಕೂಗಿದಳು. "ಇಬ್ಬರೂ ಬನ್ನಿ. ಎಲ್ಲಿ ಒಂದು ಹಲ್ಲು ಆಚೀಚೆ ಆಗಿದೆ, ತೋರಿಸಿ."

ಲಾರಿಯವನು ಬಗ್ಗಿ ನೋಡಿ ತಲೆ ಕೆರೆದುಕೊಂಡ. ಅಪ್ಪ ಟೈರು ಬಿಟ್ಟು ಏಳಲಿಲ್ಲ.

ವಾಲ್ವುಗಳ ಮೇಲಿನ ಸರಂಜಾಮು ಬಿಚ್ಚಿ, ಕ್ಯಾಮಿನ ಮೇಲೆ ಕೂತು ವಾಲ್ವುಗಳನ್ನು ಎತ್ತಿ ಇಳಿಸುವ ಟ್ಯಾಪೆಟ್‌ಗಳನ್ನು ಒಂದೊಂದಾಗಿ ಹೊರಗೆಳೆದಳು. ಮೊದಲನೆಯದನ್ನು ಬಟ್ಟೆಯಲ್ಲಿ ಒರೆಸಿದವಳು ಹಾಗೇ ನಿಂತುಬಿಟ್ಟಳು. ಅದರ ಅಂಚಿನಲ್ಲಿ 'ಒಂದು' ಎಂದು ಗೀರಿತ್ತು. ಗೀರಿದವಳು ಅವಳೇ. ಯಾವುದು ಎಷ್ಟು ಸವೆದಿದೆಯೆಂದು ಲಾರಿಯವನಿಗೆ ತೋರಿಸಲು, ಕಿತ್ತು ಗುಜರಿ ಬುಟ್ಟಿಗೆ ಹಾಕಿದ ಹಳೇ ಟ್ಯಾಪೆಟ್‌ಗಳ ಮೇಲೆ ಗೀರಿದ್ದಳು. ಎರಡು, ಮೂರು, ನಾಲ್ಕು... ಹನ್ನೆರಡೂ ಹಳೆಯವೇ.

ಹಳೇ ಟ್ಯಾಪೆಟ್ ಹೊಸ ಕ್ಯಾಮನ್ನು ತಿಂದುಹಾಕುತ್ತದೆ. ಇದು ಅಪ್ಪನೇ ಕಲಿಸಿದ ಮೊದಲ ಪಾಠಗಳಲ್ಲೊಂದು. ಕ್ಯಾಮನ್ನು ಎಳೆದು ನೋಡಿದರೆ ಮೂರು ಉಬ್ಬುಗಳು ಸವೆದು ಚಪ್ಪಟೆಯಾಗಿದ್ದವು.

ಹೊಸ ಕ್ಯಾಮು ಕೂರಿಸಿದ ದಿನ ಅವಳು ಗ್ಯಾಸ್ಕೆಟ್ ತರಲು ಹೋಗಿದ್ದಳು. "ಹೊಸ ಟ್ಯಾಪೆಟ್ ನಾನು ಇಳಿಸಿರ್ತೀನಿ, ನೀನು ಹೋಗಿ ಬಾ," ಎಂದಿದ್ದವನು ಅಪ್ಪ.

ನೇರ ಅಪ್ಪನ ಮೇಜಿಗೆ ಹೋಗಿ ಡ್ರಾಯರ್ ಎಳೆದಳು. ಅವಳು ತರಿಸಿಟ್ಟಿದ್ದ ಹೊಸ ಟ್ಯಾಪೆಟ್ ಡಬ್ಬಿ ಅಲ್ಲೇ ಇತ್ತು. ಎಣ್ಣೆ ಕಾಗದದಲ್ಲಿ ಹನ್ನೊಂದು ಟ್ಯಾಪೆಟ್ ಸಾಲಾಗಿ ಮಲಗಿದ್ದವು. ಹನ್ನೆರಡನೆಯದನ್ನು ಬೇರೆ ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ಅದರ ತಳದ ಅಂಚು ಚಕ್ಕೆ ಎದ್ದುಹೋಗಿತ್ತು.

"ಕೈಯಿಂದ ಬಿತ್ತಾ?"

ಅಪ್ಪ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡ. ಆ ಕೈಗಳು ನಡುಗುವುದು ಒಂದು ವರ್ಷದಿಂದ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಟ್ಟಿರಲಿಲ್ಲ.

"ಹನ್ನೊಂದು ಹೊಸದು, ಒಂದು ಹಳೇದು ಹಾಕೋಕಾಗುತ್ತಾ? ಹಳೇದೂ ಗಟ್ಟಿ ಇತ್ತು ಕಣೇ. ಇನ್ನೊಂದೆರಡು ವರ್ಷ ಬರುತ್ತೆ ಅಂದ್ಕೊಂಡೆ."

"ಸುಳ್ಳು ಹೇಳಬೇಡ! ಇದನ್ನ ತಲೆಗೆ ಮೊಟಕಿ ಕಲಿಸಿದ್ದು ನೀನು. ಬಿತ್ತು ಅಂದಿದ್ರೆ ಇನ್ನೊಂದು ತರಿಸ್ತಿದ್ದೆ. ಅದೂ ಹೋಗಲಿ. ಇವತ್ತು ಇವರ ಮುಂದೆ ಏನಂದೆ? ನನ್ನ ಕೈ ಪಳಗಬೇಕಾ? ಗೊತ್ತಿದ್ದೂ ಹೇಳಿದೆಯಲ್ಲಪ್ಪಾ, ಗೊತ್ತಿದ್ದೂ!"

"ಹೋಗಲಿ ಬಿಡಮ್ಮ, ವಯಸ್ಸಾದೋರು," ಎಂದ ಲಾರಿಯವನು.

"ನೀವು ಸುಮ್ನಿರಿ. ನನ್ನ ಕೈ ಪಳಗಿಲ್ಲ ಅಂದಾಗ ಬಿಡಿ ಅಂತ ನೀವು ಅಂದ್ರಾ? ತಲೆ ಆಡಿಸಿದ್ರಿ."

ಕೊನೆಗೆ ಅಪ್ಪ ಲಾರಿಯವನ ಕಡೆ ಮುಖ ಮಾಡಿ, "ತಪ್ಪು ನಂದು. ಅವಳ ಕೆಲಸ ಸರಿ ಇತ್ತು," ಎಂದ. ಅವಳ ಸಿಟ್ಟು ಅದರಿಂದ ಒಂದಿಷ್ಟೂ ಇಳಿಯಲಿಲ್ಲ. ಅಷ್ಟು ಸಣ್ಣ ಮಾತಿಗೆ ಇಷ್ಟು ಸತಾಯಿಸಬೇಕಿತ್ತೇ ಎಂದು ಇನ್ನೂ ಏರಿತು.

ಹೊಸ ಕ್ಯಾಮು, ಹೊಸ ಟ್ಯಾಪೆಟ್ ಬರಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನವೂ ಮನೆಯಲ್ಲಿ ಅಪ್ಪನ ತಟ್ಟೆಗೆ ಬಡಿಸಿದಳೇ ಹೊರತು ಮಾತಾಡಲಿಲ್ಲ. ಎಂಜಿನ್ನಿನ ಒಳಗನ್ನೆಲ್ಲ ತೊಳೆದು ಪುಡಿ ತೆಗೆದಳು. ಸಾಮಾನು ಬಂದ ದಿನ ಅಪ್ಪ ಪಕ್ಕಕ್ಕೆ ಬಂದು, ಕ್ಯಾಮಿಗೆ ಹಚ್ಚುವ ಗ್ರೀಸಿನ ಡಬ್ಬಿಗೆ ಕೈ ಚಾಚಿದ.

"ಮುಟ್ಟಬೇಡ."

ಅವನ ಕೈ ಅಲ್ಲೇ ನಿಂತಿತು. ಅದು ನಡುಗುತ್ತಿರುವುದನ್ನು ಅವಳು ನೋಡಿದಳು. ನೋಡಿಯೂ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು.

ಮಧ್ಯಾಹ್ನ ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು. ಹೊಸ ಕ್ಯಾಮು ಪಳಗಲು ಮೊದಲ ಇಪ್ಪತ್ತು ನಿಮಿಷ ಅದನ್ನು ಜೋರಾಗಿಯೇ ಓಡಿಸಬೇಕು, ನಡುವೆ ಇಳಿಸುವಂತಿಲ್ಲ. ತಗಡಿನ ಗೋಡೆಗಳೆಲ್ಲ ಅದುರುವಂತೆ ಎಂಜಿನ್ ಮೊರೆಯಿತು, ಟಕಟಕ ಸದ್ದಿನ ಸುಳಿವೇ ಇರಲಿಲ್ಲ. ಅಪ್ಪ ಎದ್ದು ಬಂದು ಅವಳ ಹತ್ತಿರ ನಿಂತು ಏನೋ ಹೇಳಿದ. ತುಟಿ ಅಲುಗಿದ್ದಷ್ಟೇ ಕಂಡಿತು. ಮತ್ತೊಮ್ಮೆ ಹೇಳಿದ.

ಅವಳು ಗಡಿಯಾರ ನೋಡಿದಳು. ಆಗಿದ್ದು ಆರೇ ನಿಮಿಷ. ವೇಗ ಇಳಿಸಲಿಲ್ಲ.