ನಾಲ್ಕನೇ ನಂಬರಿನ ಬೂಟು

ಒಂದು ಪಕ್ಕ ಚಿಕ್ಕ ಮಕ್ಕಳ ಶಾಲೆ, ಇನ್ನೊಂದು ಪಕ್ಕ ಹೈಸ್ಕೂಲು. ನಡುವೆ ಇದ್ದ ಬೂಟಿನ ಅಂಗಡಿಯನ್ನು ಚಿಕ್ಕಮ್ಮ ಈಚೆಗಷ್ಟೇ ವಹಿಸಿಕೊಂಡಿದ್ದಳು. ಗಣಿತದಲ್ಲಿ ಫೇಲಾದ ಅಕ್ಕನ ಮಗಳು ಮರುಪರೀಕ್ಷೆಗೆ ಓದಿಕೊಳ್ಳಲು ಬಂದು ಅವಳ ಜೊತೆಗಿದ್ದಳು. ಪಾಸಾಗದಿದ್ದರೆ ನರ್ಸಿಂಗ್ ಸೀಟು ಕೈತಪ್ಪುತ್ತಿತ್ತು. ಹುಡುಗಿ ಪರೀಕ್ಷೆಗೇ ಕೂರದೆ ಊರಿಗೆ ಹೊರಟುಬಿಟ್ಟರೆ ಎಂಬುದು ಚಿಕ್ಕಮ್ಮನ ಭಯ. ಬಂದಾಗಿನಿಂದ ಅವಳು ಚೀಲದ ಬಟ್ಟೆಯನ್ನೂ ಹೊರಗೆ ತೆಗೆದಿರಲಿಲ್ಲ.

ಧೈರ್ಯ ಬರಲಿ ಎಂದು ಚಿಕ್ಕಮ್ಮ ಅವಳಿಗೆ ಅಂಗಡಿಯ ಲೆಕ್ಕವನ್ನೇ ಕೊಟ್ಟಳು. ಹೋದ ವರ್ಷ ಮಾರಾಟವಾದ ಬೂಟುಗಳ ನಂಬರನ್ನೆಲ್ಲ ಹುಡುಗಿ ಕೂಡಿಸಿ, ಭಾಗಿಸಿ, "ಸರಾಸರಿ ನಾಲ್ಕು" ಎಂದಳು. ಚಿಕ್ಕಮ್ಮ ಮತ್ತೆ ಕೂಡಿಸಿ ನೋಡಿದಳು. ತಪ್ಪಿರಲಿಲ್ಲ. ಆ ಖುಷಿಯಲ್ಲೇ ಸಗಟು ವ್ಯಾಪಾರಿಗೆ ಫೋನು ಮಾಡಿದಳು.

"ಎಲ್ಲಾ ನಾಲ್ಕೇ ಬೇಕಾ? ನಿಮ್ಮ ಬೀದಿಯ ಮಕ್ಕಳೆಲ್ಲ ಒಂದೇ ಅಚ್ಚಲ್ಲಿ ಹುಟ್ಟಿದ್ದಾರೇನಮ್ಮ?"

"ಲೆಕ್ಕ ಹಾಕೇ ಹೇಳ್ತಿರೋದು, ಕಳಿಸಪ್ಪ."

ಪರೀಕ್ಷೆಯ ಹಿಂದಿನ ದಿನ ಮಾಲು ಬಂತು. ಮೊದಲು ಬಂದ ಪುಟ್ಟ ಮಗು ಬೂಟು ಹಾಕಿಕೊಂಡು ನಡೆದರೆ, ಬೂಟು ಹಿಂದೆಯೇ ಉಳಿಯಿತು. ಆಮೇಲೆ ಬಂದ ಹೈಸ್ಕೂಲಿನ ಹುಡುಗಿಯ ಹಿಮ್ಮಡಿ ಒಳಗೇ ಇಳಿಯಲಿಲ್ಲ. "ಇದನ್ನ ಯಾರಿಗೆ ತರಿಸಿದ್ದೀರಿ?" ಎಂದು ಅವಳ ತಾಯಿ ನಕ್ಕು ಹೊರಟರು.

ಅಕ್ಕನ ಮಗಳ ಮುಖ ಸಪ್ಪಗಾಯಿತು. ಚಿಕ್ಕಮ್ಮನ ಕಣ್ಣು ಮೂಲೆಯ ಚೀಲದ ಕಡೆ ಹೋಯಿತು.

"ಬಿಡೇ, ಕೂಡಿದ್ದು ಸರಿಯಾಗೇ ಇತ್ತು. ಆರ್ಡರ್ ಕೊಟ್ಟವಳು ನಾನು."

ಹುಡುಗಿ ಹಳೆಯ ಬಿಲ್ಲುಗಳನ್ನು ಮತ್ತೆ ಹರಡಿಕೊಂಡಳು. ಅಟ್ಟದಿಂದ ಖಾಲಿ ಡಬ್ಬಿಗಳನ್ನು ಇಳಿಸಿ, ಒಂದೊಂದು ನಂಬರಿಗೆ ಒಂದೊಂದು ಸಾಲು ಮಾಡಿ, ಮಾರಾಟವಾದ ಹತ್ತು ಜೊತೆಗೆ ಒಂದು ಡಬ್ಬಿಯಂತೆ ನೆಲದ ಮೇಲೆ ಪೇರಿಸತೊಡಗಿದಳು. ಎರಡನೇ ನಂಬರಿನ ರಾಶಿ ಸೊಂಟದವರೆಗೆ ಬೆಳೆಯಿತು. ಆರನೆಯದೂ ಹಾಗೆಯೇ. ನಡುವೆ ನಾಲ್ಕರ ಜಾಗದಲ್ಲಿ ಒಂದೇ ಒಂದು ಡಬ್ಬಿ.

"ಚಿಕ್ಕಮ್ಮ, ಎರಡಕ್ಕೂ ಆರಕ್ಕೂ ನಡುವೆ ನಾಲ್ಕು. ಆದರೆ ನಾಲ್ಕರ ಅಳತೆಯ ಕಾಲು ಇಲ್ಲಿ ಹೆಚ್ಚು ಜನಕ್ಕೆ ಇಲ್ಲ! ನಾವು ನೋಡಬೇಕಾಗಿದ್ದು ಬಹುಲಕ, ಹೆಚ್ಚು ಸಲ ಬರೋ ನಂಬರು. ಪುಸ್ತಕದಲ್ಲಿ ಸರಾಸರಿ, ಮಧ್ಯಾಂಕ, ಬಹುಲಕ ಮೂರನ್ನೂ ಒಟ್ಟಿಗೆ ಕೊಟ್ಟಿದ್ರು. ಯಾವುದು ಎಲ್ಲಿಗೆ ಅಂತ ನನಗೆ ಗೊತ್ತೇ ಆಗಿರಲಿಲ್ಲ."

"ನನಗೂ ಅಷ್ಟೇ ಕಣೇ," ಎಂದಳು ಚಿಕ್ಕಮ್ಮ.

ಹುಡುಗಿಯೇ ಫೋನು ಮಾಡಿ ನಾಲ್ಕನ್ನು ವಾಪಸ್ಸು ತೆಗೆದುಕೊಂಡು ಎರಡನ್ನೂ ಆರನ್ನೂ ಕಳಿಸಲು ಹೇಳಿದಳು. ಆಮೇಲೆ ಚೀಲ ಬಿಚ್ಚಿ, ಬಟ್ಟೆಯ ಅಡಿಯಿಂದ ಪಠ್ಯಪುಸ್ತಕ ಎಳೆದಳು.

"ನಾಳೆ ಪರೀಕ್ಷೆಗೆ ಎಷ್ಟು ಹೊತ್ತಿಗೆ ಹೊರಡೋಣ?"