ಬಿಟ್ಟಿ ಲೂಡೋ

"ಸಾಯ್ಲಿ ಬಿಡು, ಹೊಟ್ಟಿಬಾಕ!"

ಜೀನತ ಹೀಗೆ ಕಿರುಚಿ ಮೌಸನ್ನು ಮೇಜಿಗೆ ಕುಟ್ಟಿದಾಗ, ಆಧಾರ್ ಕಾರ್ಡಿನ ಝೆರಾಕ್ಸಿಗೆ ಬಂದಿದ್ದ ರೇಣವ್ವ ಬೆಚ್ಚಿ ಅಂಗಡಿಯ ಮೆಟ್ಟಿಲವರೆಗೂ ಹಿಂದೆ ಸರಿದಳು.

"ಯಾರ ಸತ್ರ ಬೇ?"

"ಹಾವು, ಯವ್ವಾ. ಬಿಟ್ಟಿ ಆಟದ ಹಾವು. ತಿಂದಷ್ಟೂ ಉದ್ದಾಗ್ತದ, ಉದ್ದಾದಷ್ಟೂ ತನ್ನ ಮೈ ತನಗ ಅಡ್ಡ ಬರ್ತದ. ನಮ್ಮ ಪಂಚಾಯತಿ ಮೆಂಬರ್ ಇದ್ದಂಗ ನೋಡ್ರಿ."

ಟಿಕೋಟಾ ಬಸ್ ನಿಲ್ದಾಣದೆದುರಿನ ಆ ಅಂಗಡಿಯಲ್ಲಿ ಕೂತು ಜೀನತ ಆಡದ ಆಟ ಮೂರು ಲೋಕದಲ್ಲಿರಲಿಲ್ಲ. ಇಂಟರ್ನೆಟ್ಟಿನಲ್ಲಿ ದುಡ್ಡಿಲ್ಲದೆ ಸಿಗುವ ಆಟಗಳನ್ನೆಲ್ಲ ಅವಳು ಅರೆದು ಕುಡಿದಿದ್ದಳು; ಅವನ್ನು ಮಾಡಿದವರೇ ಎದುರಿಗೆ ಕೂತರೂ ಬೆವರೊರೆಸಿಕೊಂಡು ಎದ್ದುಹೋಗಬೇಕು, ಅಂಥ ಕೈ. ಒಕ್ಕಲುತನದ ಆಟದಲ್ಲಿ ಬಿತ್ತಿದ ಗಜ್ಜರಿ ಚಹಾ ಕುಡಿಯುವುದರೊಳಗೆ ಬೆಳೆದು ನಿಲ್ಲುತ್ತದೆಂದು ಅವಳಿಗೆ ಅದರ ಮೇಲೆ ಕೆಂಡದಂಥ ಸಿಟ್ಟು. "ಇದನ್ನ ಮಾಡಿದಂವ ಘೋಣಸಗಿ ಹೊಲದಾಗ ಒಂದಿನಾನೂ ಕಸಾ ತಗದಿಲ್ಲ." ಲಾರಿ ನಿಲ್ಲಿಸುವ ಆಟದಲ್ಲಿ ಕ್ಲೀನರನೇ ಇಲ್ಲ, ಹಿಂದೆ ನಿಂತು "ಬರ್ಲಿ, ಬರ್ಲಿ" ಅನ್ನುವವನಿಲ್ಲದೆ ಲಾರಿ ಹಿಂದಕ್ಕೆ ಹೋಗುವುದಾದರೂ ಹೇಗೆ? ಬಣ್ಣದ ಗುಳ್ಳೆ ಒಡೆಯುವ ಆಟ ಮಾತ್ರ ಒಳ್ಳೆಯದು, ಯಾರಿಗೂ ಪೆಟ್ಟಾಗದೆ ಸಿಟ್ಟು ಇಳಿಯುತ್ತದೆ.

"ಎಲ್ಲಾಕ್ಕಿಂತ ಖೊಟ್ಟಿ ಅಂದ್ರ ಲೂಡೋ. ದಾಳಾ ಉರುಳಸೂದು ಮಶೀನು, ಬೈಸಿಕೊಳ್ಳೂದು ನಾವು."

"ಮತ್ತ ದಿನಾ ಮಧ್ಯಾಹ್ನ ಅದನ್ನ ಆಡಾಕತ್ತಿಯಲ್ಲ?"

ಜೀನತ ಝೆರಾಕ್ಸ್ ಹಾಳೆ ಕೈಗಿಟ್ಟು, "ಬಸ್ ಬಂತು ನೋಡ್ರಿ" ಅಂದಳು.

ಲೂಡೋದಲ್ಲಿ ಎದುರಾಳಿ ಅವಳ ಅಣ್ಣ ಸೈಫುದ್ದೀನ, ಬಬಲೇಶ್ವರದವನು. ತಾಯಿ ತೀರಿಕೊಂಡ ದಿನ ಜೀನತ ಹತ್ತಿದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಅವಳು ಬಬಲೇಶ್ವರ ಮುಟ್ಟುವಷ್ಟರಲ್ಲಿ ಜನಾಜಾ ಮಣ್ಣಿಗೆ ಹೋಗಿಬಿಟ್ಟಿತ್ತು. ತಾಯಿಯ ಮುಖ ಸಿಗಲಿಲ್ಲ. "ಹಿರ್ಯಾರು ತಡಾ ಮಾಡಬ್ಯಾಡ ಅಂದ್ರು" ಎಂದ ಅಣ್ಣ. ಅವತ್ತೇ ಜೀನತ ಅವನೊಂದಿಗೆ ಮಾತು ಬಿಟ್ಟಳು. ಬಿಟ್ಟಳೆಂದರೆ ಎಂಥ ಬಿಡುವುದು! ಗೋಳಗುಮ್ಮಟದಲ್ಲಿ ಪಿಸುಗುಟ್ಟಿದರೂ ಏಳು ಸಲ ತಿರುಗಿ ಕೇಳಿಸುತ್ತದೆ. ಅಣ್ಣ ವರ್ಷಗಟ್ಟಲೆ ಕೂಗಿದರೂ ಈ ತಂಗಿಯಿಂದ ಒಂದು ದನಿ ತಿರುಗಲಿಲ್ಲ.

ಈಗ ಅವನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಿಜಯಪುರದ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಿದ್ದ. ಹೋಗಿ ನೋಡಲು ಜೀನತಳ ಕಾಲು ಏಳಲಿಲ್ಲ. ಆಗ ಅವನ ಮಗಳು ಶಬನಮ ಮೊಬೈಲಿಗೆ ಲೂಡೋದ ಲಿಂಕ್ ಕಳಿಸಿದ್ದಳು: "ಫುಪ್ಪು, ಅಪ್ಪಾ ನಿನ್ನ ಜೋಡಿ ಆಡ್ತೀನಿ ಅಂತಾನ. ಮಾತು ಬ್ಯಾಡ, ಆಟ ಅಷ್ಟ."

ಮಾತಿಲ್ಲದ ಆಟಕ್ಕೆ ಜೀನತ ಒಪ್ಪಿದಳು. ಒಪ್ಪಿ, ಅಣ್ಣನ ಕೆಂಪು ಕಾಯಿಗಳನ್ನು ಕಂಡಕಂಡಲ್ಲಿ ಕಡಿದಳು. ತಾಳೀಕೋಟೆ ಯುದ್ಧದಲ್ಲೂ ಅಷ್ಟು ತಲೆ ಉರುಳಿರಲಿಕ್ಕಿಲ್ಲ. ಅವನು ಮಾತ್ರ, ಇವಳ ಹಸಿರು ಕಾಯಿ ಕಡಿಯಲು ಸಿಕ್ಕಾಗಲೆಲ್ಲ ಸುಮ್ಮನೆ ಕೂರುತ್ತಿದ್ದ. ಆಟದ ಗಡಿಯಾರ ಸುತ್ತಿ ಅವನ ಸರದಿ ತಪ್ಪುತ್ತಿತ್ತು. ಹಾಗೆ ಪದೇ ಪದೇ ತಪ್ಪಿದವನನ್ನು ಆಟವೇ ಹೊರಗೆ ದಬ್ಬಿ, ಜೀನತಳ ಪರದೆಯ ತುಂಬ ಬಣ್ಣದ ಚೂರು ಸುರಿಸುತ್ತಿತ್ತು. "ಅಂಜಿ ಓಡಿಹೋದ!" ಎಂದು ಅವಳು ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದಳು.

ಅಂದು ರೇಣವ್ವ ಹೋದಮೇಲೆ ಲೂಡೋ ತೆರೆದರೆ ಅಣ್ಣ ಬಂದಿರಲೇ ಇಲ್ಲ. ಕಾದು ಕಾದು ಜೀನತಳ ನೆತ್ತಿ ಕಾಯಿತು. ಶಬನಮಳಿಗೆ ಫೋನ್ ಹಚ್ಚಿದಳು.

"ಏ ಶಬ್ಬೂ, ನಿಮ್ಮಪ್ಪಗ ಹೇಳು. ಕಡಿಯೂ ಧೈರ್ಯ ಇಲ್ಲಂದ್ರ ಲೂಡೋ ಬಿಟ್ಟು ಗುಳ್ಳಿ ಒಡಕೋಂತ ಕೂಡು ಅನ್ನು."

"ಧೈರ್ಯದ ಮಾತಲ್ಲ ಫುಪ್ಪು. ಸಣ್ಣವರಿದ್ದಾಗ ನೀವು ಕೇಳೇ ಕಡೀತಿದ್ರಂತಲ್ಲ?"

ಹೌದಲ್ಲ. ಕಾಯಿ ಕಡಿದಿದ್ದಕ್ಕೆ ಅಣ್ಣ-ತಂಗಿ ಕೂದಲು ಹಿಡಿದು ಬಡಿದಾಡಿದಾಗ ತಾಯಿ ಹಾಕಿದ ಕಟ್ಟಳೆ ಅದು. ಕಡಿಯುವ ಮೊದಲು "ಕಡೀಲಿ?" ಎಂದು ಕೇಳಬೇಕು, ಎದುರಿನವರು "ಹೂಂ, ಕಡಿ" ಅಂದಮೇಲೆಯೇ ಕಾಯಿ ಮುಟ್ಟಬೇಕು. ಇಲ್ಲವಾದರೆ ಲೂಡೋದ ರಟ್ಟು ಒಲೆಗೆ. ಜೀನತ ಅದನ್ನು ಪೂರ್ತಿ ಮರೆತಿದ್ದಳು.

"ಅಪ್ಪಾ ದಿನಾ ಕೇಳತಿದ್ದ. ಮೊಬೈಲಿಗೆ ಬಾಯಿ ಹಚ್ಚಿ, 'ಕಡೀಲಿ, ಜೀನೂ?' ಅಂತ. ಇದರಾಗ ಮಾತು ಕೇಳಸೂದಿಲ್ಲಪಾ ಅಂದ್ರ ನನಗ ಬೈತಿದ್ದ. 'ಕೇಳಸ್ತದ. ಆಕಿ ಇನ್ನೂ ಸಿಟ್ಟಿನಾಗ ಅದಾಳ, ಅದಕ್ಕ ಹೂಂ ಅನ್ನವಲ್ಲಳು' ಅಂತಿದ್ದ."

"ಫೋನ್ ಕೊಡು ಅವಗ. ಈಗ ಕೊಡು."

"ಮುಂಜಾನಿಂದ ಕರದ್ರ ಓ ಅನ್ನವಲ್ಲ, ಫುಪ್ಪು."

ಜೀನತ ಅಂಗಡಿಯ ಬಾಗಿಲೆಳೆದಳೋ ಇಲ್ಲವೋ ಅವಳಿಗೇ ನೆನಪಿಲ್ಲ. ದ್ರಾಕ್ಷಿ ತೋಟಗಳ ನಡುವೆ ವಿಜಯಪುರದ ಬಸ್ಸು ಎತ್ತಿನ ಗಾಡಿಗಿಂತ ನಿಧಾನ ತೆವಳಿತು. ಕಂಡಕ್ಟರ್ ಟಿಕೀಟು ಕೇಳಿದಾಗ ಊರಿನ ಹೆಸರು ಹೇಳದೆ ಮುಂದಕ್ಕೆ ಕೈ ಮಾಡಿ ತೋರಿಸಿದಳು.

ವಾರ್ಡಿನಲ್ಲಿ ಅವಳು ಅಣ್ಣನ ಹಾಸಿಗೆಯನ್ನು ದಾಟಿಯೇ ಹೋದಳು. ಶಬನಮ ಕೈಹಿಡಿದು ಹಿಂದಕ್ಕೆ ಕರೆತರಬೇಕಾಯಿತು. ಬಾತುಕೊಂಡ ಆ ಮುಖದಲ್ಲಿ ಅಣ್ಣನದೆಂದು ಗುರುತು ಹಿಡಿಯಲು ಉಳಿದಿದ್ದು ಹುಬ್ಬಿನ ಗಾಯದ ಕಲೆಯೊಂದೇ.

"ಕಿವಿ ಹತ್ತಿರ ಮಾತಾಡು ಫುಪ್ಪು. ಕೇಳಸಬಹುದು ಅಂದಾರ ಡಾಕ್ಟರು."

ಜೀನತ ಬಗ್ಗಿದಳು. ಅವಳ ತುಟಿ "ಹೂಂ, ಕಡಿ" ಅನ್ನುವಂತೆ ಅಲ್ಲಾಡಿದವು, ಪಕ್ಕದಲ್ಲೇ ನಿಂತ ಶಬನಮಳಿಗೂ ಏನೂ ಕೇಳಿಸಲಿಲ್ಲ. ಸೈಫುದ್ದೀನನ ರೆಪ್ಪೆ ಮಿಸುಕಲಿಲ್ಲ.

ಆಸ್ಪತ್ರೆಯ ಹೊದಿಕೆ ಗಿಡ್ಡವಾಗಿತ್ತು. ಎದೆಗೆ ಎಳೆದರೆ ಕಾಲು ಹೊರಗೆ ಬರುತ್ತಿದ್ದವು, ಕಾಲಿಗೆ ಹೊದಿಸಿದರೆ ಎದೆ ಬರಿದಾಗುತ್ತಿತ್ತು. ಜೀನತ ಮೇಲೆ ಕೆಳಗೆ ಎಳೆದಾಡಿ ಸಾಕಾಗಿ, ಕೊನೆಗೆ ಎದೆಯವರೆಗೆ ಹೊದಿಸಿ, ಹಾಸಿಗೆಯ ತುದಿಯಲ್ಲಿ ಕೂತು ಒಡೆದ ಹಿಮ್ಮಡಿಯ ಆ ಎರಡೂ ಪಾದಗಳನ್ನು ಮಡಿಲಿಗಿಟ್ಟುಕೊಂಡು ಸೆರಗು ಮುಚ್ಚಿದಳು.